ಮತಗಟ್ಟೆಯ ಬಾಗಿಲಿಗೆ ಅಂಟಿಸಿದ ಚೀಟಿ

2020ರ ನವೆಂಬರ್ 3, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ರಾತ್ರಿ ಎಂಟೂವರೆಯಾದರೂ ನಮ್ಮ ಮತಗಟ್ಟೆಯಲ್ಲಿ ಒಂದು ಮತದ ಲೆಕ್ಕ ಸಿಗಲಿಲ್ಲ. ಸಹಿ ಪುಸ್ತಕದಲ್ಲಿ 843 ಜನ, ಮತಪತ್ರ ಓದುವ ಸ್ಕ್ಯಾನರ್‌ನಲ್ಲಿ 842. ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದ ಹೊರಗಿನ ಒಂದು ಚರ್ಚಿನ ಸಭಾಂಗಣದಲ್ಲಿ ಬೆಳಗಿನ ಆರರಿಂದ ದುಡಿದಿದ್ದ ನಾವು ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇರೆಯವರಿಗೆ ಮನೆ ಸೇರುವ ಆತುರ. ನನಗೆ ಮಾತ್ರ ಇದು ಹೊಟ್ಟೆಪಾಡಿನ ವಿದ್ಯೆ. ನಾನು ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದವಳು. ಸಾವಿರ ಲೇಬಲ್ ಒಳಗೆ ಹೋದರೆ ಅಂಟಿಸಿದ್ದೆಷ್ಟು, ಹರಿದದ್ದೆಷ್ಟು, ಉಳಿದದ್ದೆಷ್ಟು ಎಂದು ಸಾವಿರಕ್ಕೂ ಲೆಕ್ಕ ಕೊಡಬೇಕು. ಒಂದು ಸಿಗದಿದ್ದರೂ ಇಡೀ ಬ್ಯಾಚ್ ನಿಲ್ಲುತ್ತದೆ.

ಒಂಬತ್ತು ಗಂಟೆಗೆ ಅದು ಸಿಕ್ಕಿತು. ಮರೆಹಲಗೆಯ ಹಿಂದೆ ಅರ್ಧ ತುಂಬಿದ ಮತಪತ್ರವೊಂದು ಬೋರಲು ಬಿದ್ದಿತ್ತು. ಮಧ್ಯಾಹ್ನ ಕೂಸು ಅತ್ತಿತೆಂದು ತಾಯಿಯೊಬ್ಬಳು ಹೊರಗೆ ಓಡಿದ್ದು ಆಗ ನೆನಪಾಯಿತು. ಅದನ್ನು ಲಕೋಟೆಗೆ ಹಾಕಿ, ವರದಿಯಲ್ಲಿ ಬರೆದು, ಸಹಿ ಮಾಡಿ, ಸ್ಕ್ಯಾನರ್ ಮುದ್ರಿಸಿದ ಫಲಿತಾಂಶದ ಉದ್ದನೆಯ ಚೀಟಿಯ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿದೆವು. ಇಲ್ಲಿ ಅದು ಕಾನೂನು. ಯಾರು ಬೇಕಾದರೂ ಬಂದು ಓದಬಹುದು.

ಆ ವರ್ಷ ನಾನು ಈ ಕೆಲಸಕ್ಕೆ ಸೇರಿದ್ದು ದೊಡ್ಡ ಆದರ್ಶದಿಂದೇನಲ್ಲ. ಕೋವಿಡ್‌ಗೆ ಹೆದರಿ ಹಿರಿಯ ಸಿಬ್ಬಂದಿ ಹಿಂದೆ ಸರಿದಿದ್ದರು, ಚುನಾವಣೆ ನಡೆಸುವ ಕೌಂಟಿಗೆ, ಎಂದರೆ ಇಲ್ಲಿಯ ಜಿಲ್ಲಾಡಳಿತಕ್ಕೆ, ಜನ ಬೇಕಾಗಿತ್ತು. ನನಗೆ ಪೌರತ್ವ ಬಂದು ಒಂದು ವರ್ಷವಾಗಿತ್ತು. ತೀರ್ಥಹಳ್ಳಿಯ ಕಡೆ ಮುಖ್ಯೋಪಾಧ್ಯಾಯರಾಗಿದ್ದ ಅಪ್ಪ ಜೀವಮಾನವಿಡೀ ಚುನಾವಣಾ ಡ್ಯೂಟಿ ಮಾಡಿದವರು. ಮಸ್ಟರಿಂಗ್ ಕೇಂದ್ರದಲ್ಲಿ ಪೆಟ್ಟಿಗೆ ಎಣಿಸಿಕೊಂಡು, ಲಾರಿಯಲ್ಲಿ ಕುಳಿತು, ಶಾಲೆಯ ಜಗಲಿಯ ಮೇಲೆ ಮಲಗಿ ಬಂದ ಕತೆಗಳನ್ನು ಕೇಳುತ್ತಲೇ ಬೆಳೆದವಳು ನಾನು. ಫೋನ್ ಮಾಡಿ ವಿಷಯ ಹೇಳಿದಾಗ ಅವರು ಮೊದಲು ಕೇಳಿದ್ದು, "ಬೆರಳಿಗೆ ಶಾಯಿ ಹಚ್ಚುವುದಿಲ್ಲವೇ?" ಎಂದು. ಇಲ್ಲ, ಒಂದು ಸ್ಟಿಕರ್ ಕೊಡುತ್ತೇವೆ ಎಂದೆ. ಮೈಸೂರಿನ ಶಾಯಿಯ ಮೇಲೆ ಅಷ್ಟೊಂದು ನಂಬಿಕೆಯಿದ್ದ ಅವರಿಗೆ ಇದು ಮಕ್ಕಳಾಟದಂತೆ ಕಂಡಿರಬೇಕು. "ಗುರುತಿನ ಚೀಟಿಯಾದರೂ?" ಪೆನ್ಸಿಲ್ವೇನಿಯಾದಲ್ಲಿ ಒಂದು ಮತಗಟ್ಟೆಗೆ ಮೊದಲ ಸಲ ಬಂದವರು ಮಾತ್ರ ಅದನ್ನು ತೋರಿಸಬೇಕು. ಉಳಿದವರ ಸಹಿಯನ್ನು ಪುಸ್ತಕದಲ್ಲಿ ಅಚ್ಚಾದ ಹಳೆಯ ಸಹಿಯ ಜೊತೆ ಹೋಲಿಸುತ್ತೇವೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನುಮಾನ ಪಡುವ ಏಜೆಂಟರನ್ನು ಹತ್ತಿರ ಕರೆದು ಕೂರಿಸಿಕೋ ಮಗಳೇ, ಮೊದಲ ಸಹಿ ಅವರ ಕೈಯಲ್ಲೇ ಮಾಡಿಸು" ಎಂದರು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ತರಬೇತಿ ಇದೇ.

ಇನ್ನು ನನ್ನ ತಪ್ಪಿನ ಕತೆ.

ಅದೇ ದಿನ ಬೆಳಿಗ್ಗೆ ಸುಮಾರು ಒಂಬತ್ತಕ್ಕೆ ಅರವತ್ತರ ಆಸುಪಾಸಿನ ಒಬ್ಬರು ನನ್ನ ಮೇಜಿಗೆ ಬಂದರು. ಪುಸ್ತಕದಲ್ಲಿ ಅವರ ಹೆಸರಿನ ಎದುರು ಅಂಚೆ ಮತಪತ್ರದ ಗುರುತಿತ್ತು. ಆ ಗುರುತಿನ ಅರ್ಥ, ಅವರ ಹೆಸರಿಗೆ ಮತಪತ್ರ ಮನೆಗೆ ಹೋಗಿದೆ ಎಂದಷ್ಟೇ. ಅದನ್ನು ಲಕೋಟೆಯ ಸಮೇತ ತಂದು ಒಪ್ಪಿಸಿದರೆ ಮಾಮೂಲಿ ಮತಪತ್ರ ಕೊಡುತ್ತೇವೆ. ತರದಿದ್ದರೆ ತಾತ್ಕಾಲಿಕ ಮತಪತ್ರ. ಒಬ್ಬರದೇ ಎರಡು ಮತ ಬಿದ್ದಿಲ್ಲವೆಂದು ಕೌಂಟಿಯವರು ಪರಿಶೀಲಿಸಿದ ಮೇಲೆ ಅದನ್ನು ಎಣಿಸುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು, "ನೀವು ಅಂಚೆಯಲ್ಲಿ ಮತ ಹಾಕುವವರ ಪಟ್ಟಿಯಲ್ಲಿದ್ದೀರಿ, ಇಲ್ಲಿ ಹಾಕುವಂತಿಲ್ಲ" ಎಂಬ ಮಾತು. "ನಾನು ಅಂಚೆಯಲ್ಲಿ ಏನನ್ನೂ ಹಾಕಿಲ್ಲ!" ಎಂದು ಅವರು ಕೂಗಿದರು. ಸಾಲಿನಲ್ಲಿದ್ದ ನಲವತ್ತು ಜನ ತಿರುಗಿ ನೋಡಿದರು. ಹೆಂಡತಿ ಇಬ್ಬರ ಪರವಾಗಿಯೂ ಬೇಸಿಗೆಯಲ್ಲೇ ಅರ್ಜಿ ತುಂಬಿಸಿದ್ದರಂತೆ, ಇವರು ಸಹಿ ಹಾಕಿ ಮರೆತಿದ್ದರಂತೆ. ಅದು ತಿಳಿಯುವಷ್ಟರಲ್ಲಿ ತಾತ್ಕಾಲಿಕ ಮತಪತ್ರ ತುಂಬಿ ಸಿಟ್ಟಿನಿಂದ ಹೊರಟುಹೋಗಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬರು ಊರಿನ ಫೇಸ್‌ಬುಕ್ ಗುಂಪನ್ನು ತೋರಿಸಿದರು: ನಮ್ಮ ಮತಗಟ್ಟೆಯ ಹೆಸರಿನೊಂದಿಗೆ, "ನನ್ನ ಮತವನ್ನು ಬೇರೆ ಯಾರೋ ಹಾಕಿಬಿಟ್ಟಿದ್ದಾರೆ."

ವದಂತಿ ಎಲ್ಲೋ ಗಾಳಿಯಲ್ಲಿ ಹುಟ್ಟುತ್ತದೆ ಎಂದುಕೊಂಡಿದ್ದೆ. ಇದು ನನ್ನ ಮೇಜಿನ ಮೇಲೆ, ನನ್ನ ಅರ್ಧಂಬರ್ಧ ವಾಕ್ಯದಿಂದ ಹುಟ್ಟಿತ್ತು. ಅಂದಿನಿಂದ ಆ ಗುರುತು ಕಂಡರೆ ನಾನು ಹೇಳಿಕೆ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತೇನೆ: "ನಿಮ್ಮ ಮನೆಗೆ ಒಂದು ಮತಪತ್ರ ಬಂದಿರಬೇಕಲ್ಲ, ತಂದಿದ್ದೀರಾ?" ಹತ್ತರಲ್ಲಿ ಒಂಬತ್ತು ಜನ ಹಣೆ ತಟ್ಟಿಕೊಂಡು ಕಾರಿನ ಕಡೆ ಓಡುತ್ತಾರೆ.

ಮರುದಿನ ಬೆಳಿಗ್ಗೆ ಟಿವಿಯಲ್ಲಿ ನೋಡಿದರೆ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಆರು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಶನಿವಾರದ ಹೊತ್ತಿಗೆ ಬೈಡನ್ ಗೆದ್ದರೆಂದು ಮಾಧ್ಯಮಗಳು ಘೋಷಿಸಿದವು. ಕೊನೆಯ ಅಂತರ 80,555. ನನ್ನ ಯಜಮಾನರ ಅಕ್ಕನ ಗಂಡ, ನ್ಯೂಜೆರ್ಸಿಯ ಭಾವ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದರು: "ರಾತ್ರಿ ಮಲಗಿದಾಗ ಗೆದ್ದಿದ್ದವನು ಎದ್ದಾಗ ಸೋತಿದ್ದಾನೆ. ಮತಗಳು ರಾತ್ರೋರಾತ್ರಿ ಮರಿ ಹಾಕಿದವೇ?"

ನಾನು ಏನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಎರಡು ದೊಡ್ಡ ಪತ್ರಿಕೆಗಳ ಸತ್ಯಶೋಧನೆಯ ವರದಿಗಳನ್ನು ಕಳಿಸಿದೆ. ಭಾವ ಒಂದೇ ಸಾಲಿನಲ್ಲಿ ಮುಗಿಸಿದರು: "ಅವು ಅವರದೇ ಪತ್ರಿಕೆಗಳಮ್ಮ." ನಾಲ್ಕು ದಿನ ಜಟಾಪಟಿ ನಡೆಯಿತು. ಕೊನೆಗೆ ಅತ್ತಿಗೆಯೇ ಇಬ್ಬರನ್ನೂ ಗದರಿಸಿ ನಿಲ್ಲಿಸಿದರು. ಸಮೂಹ ಮಾಧ್ಯಮದ ಮೇಲೆ ಸಾಕಷ್ಟು ನಂಬಿಕೆಯಿದೆ ಎಂದ ಅಮೆರಿಕನ್ನರು ಗ್ಯಾಲಪ್ ಸಮೀಕ್ಷೆಯಲ್ಲಿ 1976ರಲ್ಲಿ ನೂರಕ್ಕೆ 72 ಇದ್ದರು, 2024ರಲ್ಲಿ 31. ರಿಪಬ್ಲಿಕನ್ನರಲ್ಲಿ ಬರೀ 12. ಹಾಗಿರುವಾಗ ಪತ್ರಿಕೆಯ ಕೊಂಡಿ ಕಳಿಸಿ ವಾದ ಗೆಲ್ಲಲು ಹೊರಟದ್ದು, ಕಣ್ಣು ಮುಚ್ಚಿಕೊಂಡವರಿಗೆ ಕನ್ನಡಿ ಹಿಡಿದಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅವರಿಗೆ ಅವರ ಚಾನೆಲ್, ನನಗೆ ನನ್ನದು.

ದಾರಿ ಸಿಕ್ಕಿದ್ದು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಫೋನಿನಲ್ಲಿ. ಆ ವರ್ಷ ನ್ಯೂಜೆರ್ಸಿ ತನ್ನ ಮತದಾರರಿಗೆಲ್ಲ ಅಂಚೆಯಲ್ಲೇ ಮತಪತ್ರ ಕಳಿಸಿತ್ತು. ಹಾಗಾಗಿ ಭಾವನೂ ಅಂಚೆ ಮತದಾರರೇ! "ಭಾವ, ನಿಮ್ಮ ಮತಪತ್ರ ಎಷ್ಟು ಲಕೋಟೆಯೊಳಗಿತ್ತು?" ಎಂದು ಕೇಳಿದೆ. "ಎರಡು." ಪೆನ್ಸಿಲ್ವೇನಿಯಾದಲ್ಲೂ ಎರಡೇ, ಒಳಗಿನದು ಗೋಪ್ಯಕ್ಕೆ, ಹೊರಗಿನದು ಸಹಿಗೆ. "ಒಂದನ್ನು ಬಿಚ್ಚಿ, ಮಡಿಕೆ ಬಿಡಿಸಿ, ಒತ್ತಿ ಸಪಾಟು ಮಾಡಿ ಯಂತ್ರಕ್ಕೆ ಕೊಡಲು ಎಷ್ಟು ಹೊತ್ತು ಬೇಕು?" ಒಂದು ನಿಮಿಷ ಎಂದರು. ಪೆನ್ಸಿಲ್ವೇನಿಯಾದಲ್ಲಿ ಅಂಥವು ಸುಮಾರು 26 ಲಕ್ಷ. ಮತದಾನದ ದಿನ ಬೆಳಗಿನ ಏಳರ ಮೊದಲು ಒಂದು ಲಕೋಟೆಯನ್ನೂ ಬಿಚ್ಚುವಂತಿಲ್ಲ ಎಂಬುದು ಈ ರಾಜ್ಯದ ಕಾನೂನು. ಫ್ಲೋರಿಡಾದಲ್ಲಿ ವಾರಗಳ ಮೊದಲೇ ಬಿಚ್ಚುತ್ತಾರೆ, ಅದಕ್ಕೇ ಅಲ್ಲಿಯ ಫಲಿತಾಂಶ ರಾತ್ರಿಯೇ ಬರುತ್ತದೆ. ಅಂಚೆ ಮತವನ್ನು ನಂಬಬೇಡಿ ಎಂದು ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರಿಂದ ಅವರ ಕಡೆಯವರು ಮತಗಟ್ಟೆಗೆ ಬಂದರು, ಎದುರಿನವರು ಅಂಚೆಯಲ್ಲಿ ಕಳಿಸಿದರು. ಮೊದಲು ಎಣಿಸಿದ ರಾಶಿ ಒಬ್ಬರದು, ಆಮೇಲಿನ ರಾಶಿ ಇನ್ನೊಬ್ಬರದು. ಅಷ್ಟೇ.

ಇದರಲ್ಲಿ ಟಿವಿಯವರ ಪಾಲೂ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 'ಮುನ್ನಡೆ', 'ಹಿನ್ನಡೆ' ಎಂದು ರಾತ್ರಿಯಿಡೀ ಕುದುರೆ ಜೂಜಿನ ಧಾಟಿಯಲ್ಲಿ ಕೂಗಿದರೆ ನೋಡುವವರಿಗೆ ಓಟ ಇನ್ನೂ ನಡೆದಿದೆ ಎಂದೇ ಅನ್ನಿಸಬೇಕು. ನಿಜವಾಗಿ ಓಟುಗಳು ಬಿದ್ದಾಗಿದ್ದವು. ಉಳಿದಿದ್ದದ್ದು ಎಣಿಕೆ ಮಾತ್ರ. ನಮ್ಮೂರಿನಲ್ಲಿ ಪೆಟ್ಟಿಗೆಗಳಿಗೆ ಮುದ್ರೆ ಹಾಕಿಟ್ಟು, ಗೊತ್ತಾದ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಎಲ್ಲ ಕಡೆ ಎಣಿಕೆ ಆರಂಭಿಸುವುದನ್ನು ನೋಡಿ ಬೆಳೆದ ಭಾವನಿಗೆ, ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಎಂಬುದೇ ಅನುಮಾನ ಹುಟ್ಟಿಸುವ ಸಂಗತಿಯಾಗಿತ್ತು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಭಾವನಿಗೆ ಹಿಡಿಸಿದ ಇನ್ನೊಂದು ಸಂಗತಿ ನ್ಯಾಯಾಲಯದ್ದು. ನವೆಂಬರ್ 17ರಂದು ವಿಲಿಯಮ್ಸ್‌ಪೋರ್ಟ್‌ನ ಫೆಡರಲ್ ನ್ಯಾಯಾಲಯದಲ್ಲಿ ಪೆನ್ಸಿಲ್ವೇನಿಯಾದ ಫಲಿತಾಂಶವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಟ್ರಂಪ್ ಪರ ವಕೀಲರಾಗಿ ನಿಂತಿದ್ದ ರೂಡಿ ಜೂಲಿಯಾನಿ, ಇದು ವಂಚನೆಯ ಮೊಕದ್ದಮೆಯಲ್ಲ ಎಂದು ನ್ಯಾಯಾಧೀಶರ ಮುಂದೆ ತಾವೇ ಒಪ್ಪಿಕೊಂಡರು. ಹೊರಗೆ ಕ್ಯಾಮೆರಾಗಳ ಮುಂದೆ ಹೇಳುತ್ತಿದ್ದುದೇ ಬೇರೆ. ಮೇಲ್ಮನವಿಯನ್ನು ತಳ್ಳಿಹಾಕಿದ ತೀರ್ಪನ್ನು ಬರೆದವರು ಸ್ಟೆಫನೋಸ್ ಬೀಬಸ್, ಸ್ವತಃ ಟ್ರಂಪ್ ನೇಮಿಸಿದ ನ್ಯಾಯಾಧೀಶರು. ಭಾವ ಅದನ್ನು ಪೂರ್ತಿ ಓದಿದರು. ಪತ್ರಿಕೆಯನ್ನು ನಂಬದವರು ತೀರ್ಪನ್ನು ಓದುತ್ತಾರೆ ಎಂಬುದು ನನಗೆ ಹೊಸ ವಿಷಯ. ಮತಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿಯ ಮೇಲೆ 2020ರ ಚುನಾವಣೆಯ ಬಗ್ಗೆ ಸುಳ್ಳು ಆರೋಪಗಳನ್ನು ಪ್ರಸಾರ ಮಾಡಿದ ಮೊಕದ್ದಮೆಯಲ್ಲಿ, 2023ರಲ್ಲಿ ಫಾಕ್ಸ್ ನ್ಯೂಸ್ ಚಾನೆಲ್ ಆ ಕಂಪನಿಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾದಾಗ ಅವರೇ ಫೋನ್ ಮಾಡಿ, "ಸುಳ್ಳಿನ ಬಿಲ್ಲು ದುಬಾರಿಯಾಯಿತಲ್ಲಮ್ಮ" ಎಂದರು. ಹಾಗೆಂದು ಅವರು ಪಕ್ಷ ಬದಲಿಸಲಿಲ್ಲ. ನಾನು ಅದನ್ನು ಕೇಳಲೂ ಇಲ್ಲ.

2022ರಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಯಲ್ಲಿ, ಆ ಸಿಟ್ಟಿನ ಮನುಷ್ಯ ಮತ್ತೆ ಬಂದರು. ಈ ಸಲ ಜೇಬಿನಲ್ಲಿ ಸ್ವಂತ ಪೆನ್ನು. ಮತಗಟ್ಟೆಯಲ್ಲಿ ಕೊಟ್ಟ ದಪ್ಪ ಮೊನೆಯ ಮಾರ್ಕರ್‌ನಿಂದ ಗುರುತು ಮಾಡಿದರೆ ಮತ ಕುಲಗೆಡುತ್ತದೆ ಎಂದು 2020ರಲ್ಲಿ ಅರಿಜೋನಾದಲ್ಲಿ ಹಬ್ಬಿದ ಸುದ್ದಿ ಅವರ ಮನಸ್ಸಿನಲ್ಲಿ ಉಳಿದಿತ್ತು. ಆ ಮತಗಳು ಸರಿಯಾಗಿಯೇ ಎಣಿಕೆಯಾಗಿದ್ದವು, ಆದರೆ ಅದನ್ನು ಸಾಲಿನಲ್ಲಿ ನಿಲ್ಲಿಸಿ ಪಾಠ ಮಾಡುವ ಹೊತ್ತು ಅದಲ್ಲ. ನೀಲಿ ಅಥವಾ ಕಪ್ಪು ಶಾಯಿಯಾದರೆ ಸಾಕು, ನಿಮ್ಮದನ್ನೇ ಬಳಸಿ ಎಂದೆ. ಜಗಳಕ್ಕೆ ಸಿದ್ಧರಾಗಿ ಬಂದಿದ್ದವರು ಅರೆಕ್ಷಣ ತಬ್ಬಿಬ್ಬಾದರು. ಮತಪತ್ರವನ್ನು ಸ್ಕ್ಯಾನರ್ ನುಂಗಿದಾಗ ಎಣಿಕೆಯ ಅಂಕಿ ಒಂದು ಏರುವುದನ್ನು ಬೆರಳು ಮಾಡಿ ತೋರಿಸಿದೆ. ಬಾಗಿಲ ಚೀಟಿಯ ವಿಷಯವನ್ನೂ ಹೇಳಿದೆ. ಮರುದಿನ ಬೆಳಿಗ್ಗೆ ಫಲಕಗಳನ್ನು ತೆಗೆಯಲು ಹೋದರೆ ಅವರು ಚೀಟಿಯ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಐದಾರು ಫೋಟೋ ತೆಗೆಯುತ್ತಿದ್ದರು. ಕೌಂಟಿಯ ಜಾಲತಾಣದ ಅಂಕಿಗಳೊಂದಿಗೆ ತಾಳೆ ನೋಡುತ್ತಾರಂತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಗೆ ಕೈಕಾಲು ಬಂದಂತಿತ್ತು. ವಾರದ ನಂತರ ಕಿರಾಣಿ ಅಂಗಡಿಯಲ್ಲಿ ಸಿಕ್ಕಾಗ, "ನಿಮ್ಮ ಮತಗಟ್ಟೆಯದು ಸರಿ ಇದೆ. ಫಿಲಡೆಲ್ಫಿಯಾದ ವಿಷಯ ಮಾತ್ರ ಕೇಳಬೇಡಿ" ಎಂದರು. ಹದಿನೈದು ಮೈಲಿ ದೂರದ ಊರು. ನಂಬಿಕೆ ಅಷ್ಟು ದೂರ ನಡೆಯಲಿಲ್ಲ.

ಇದು ಒಂದೇ ಕಡೆಯ ಕಾಯಿಲೆಯಲ್ಲ. 2024ರಲ್ಲಿ ಹ್ಯಾರಿಸ್ ಸೋತ ಎರಡೇ ದಿನಕ್ಕೆ, ನಮ್ಮ ಕನ್ನಡ ಗುಂಪಿನ ಹುಡುಗಿಯೊಬ್ಬಳು, ಬಹಳ ಓದಿಕೊಂಡವಳು, "ಅಕ್ಕ, ಎರಡು ಕೋಟಿ ಮತಗಳು ಎಲ್ಲಿ ಹೋದವು?" ಎಂದು ಕೇಳಿದಳು. ನನಗೆ ನಗು ಬಂತು. ಭಾವನ ಪ್ರಶ್ನೆಯೇ ಸೀರೆ ಬದಲಿಸಿ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಎಣಿಸುತ್ತಿದ್ದಾರೆ, ಮೂರು ವಾರ ತಡೆ ಎಂದೆ. ಎಲ್ಲ ಮುಗಿದಾಗ ಹ್ಯಾರಿಸ್‌ಗೆ ಸುಮಾರು ಏಳೂವರೆ ಕೋಟಿ. 2020ರಲ್ಲಿ ಬೈಡನ್‌ಗೆ ಎಂಟು ಕೋಟಿಯ ಮೇಲೆ ಬಿದ್ದಿದ್ದವು. ಕಡಿಮೆಯಾದದ್ದು ನಿಜ, ಕಾಣೆಯಾದದ್ದಲ್ಲ.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಒಂದು ವಿಡಿಯೊ ಹರಿದಾಡಿತ್ತು. ಪಕ್ಕದ ಬಕ್ಸ್ ಕೌಂಟಿಯದೆಂದು ಹೇಳಿಕೊಂಡ ಅದರಲ್ಲಿ ಒಬ್ಬ ಲಕೋಟೆಗಳನ್ನು ಬಿಚ್ಚಿ, ಟ್ರಂಪ್‌ಗೆ ಬಿದ್ದ ಮತಪತ್ರಗಳನ್ನು ಹರಿದು ಹಾಕುತ್ತಾನೆ. ಭಾವ ಅದನ್ನು ನನಗೊಬ್ಬಳಿಗೇ ಕಳಿಸಿ, "ಏನಮ್ಮ ಇದು?" ಎಂದಷ್ಟೇ ಕೇಳಿದ್ದರು. ನಾನು ಉತ್ತರ ಬರೆಯುತ್ತಿರುವಾಗಲೇ ಅವರದೇ ಎರಡನೇ ಸಂದೇಶ ಬಂತು: "ಅಲ್ಲ, ಏಳು ಗಂಟೆಯ ಕಾನೂನು ಇದೆಯಲ್ಲ? ನವೆಂಬರ್ 5ರವರೆಗೆ ಲಕೋಟೆ ಬಿಚ್ಚುವ ಹಾಗೇ ಇಲ್ಲ." ನಾಲ್ಕು ವರ್ಷಗಳ ಹಿಂದೆ ಅವರನ್ನು ಅನುಮಾನಕ್ಕೆ ತಳ್ಳಿದ್ದು ಇದೇ ಕಾನೂನು. ಲಕೋಟೆಗಳು ತಮ್ಮವಲ್ಲವೆಂದು ಕೌಂಟಿ ಅಂದೇ ಹೇಳಿತು. ಅದು ರಷ್ಯಾದ ಕಡೆಯಿಂದ ತಯಾರಾದದ್ದೆಂದು ಎಫ್‌ಬಿಐ ಮರುದಿನ ಹೇಳಿತು.

ಪ್ಯೂ ಸಂಸ್ಥೆಯ ಸಮೀಕ್ಷೆಯ ಒಂದು ಜೋಡಿ ಅಂಕಿಯನ್ನು ನನ್ನ ತರಬೇತಿ ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಂಡಿದ್ದೇನೆ. ದೇಶದಲ್ಲಿ ಚುನಾವಣೆ ಚೆನ್ನಾಗಿ ನಡೆಯಿತು ಎಂದ ಟ್ರಂಪ್ ಮತದಾರರು 2020ರಲ್ಲಿ ನೂರಕ್ಕೆ 21, 2024ರಲ್ಲಿ 93. ನಮ್ಮ ಚರ್ಚಿನ ಸಭಾಂಗಣದಲ್ಲಿ ಎರಡೂ ಸಲ ಅದೇ ಸ್ಕ್ಯಾನರ್, ಅದೇ ಮೇಜು, ಅದೇ ನಾನು.

2024ರ ನವೆಂಬರ್ 6ರ ಬೆಳಿಗ್ಗೆ ಫಲಕ ತೆಗೆಯಲು ಹೋದಾಗ ಬಾಗಿಲ ಮುಂದೆ ಯಾರೂ ಇರಲಿಲ್ಲ. ಚೀಟಿಯ ಕೆಳತುದಿ ಟೇಪಿನಿಂದ ಬಿಡಿಸಿಕೊಂಡು ಗಾಳಿಗೆ ಆಡುತ್ತಿತ್ತು. ಪೆನ್ನಿನ ಯಜಮಾನರು ಬರಬಹುದೆಂದು ಅರ್ಧ ಗಂಟೆ ಕಾಫಿ ಕುಡಿಯುತ್ತಾ ಕಾದೆ. ಬರಲಿಲ್ಲ.

2025ರ ನವೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರನ್ನು ಮುಂದುವರಿಸಬೇಕೇ ಬೇಡವೇ ಎಂಬ ಮತದಾನ ನಡೆಯಿತು. ಡೆಮಾಕ್ರಟಿಕ್ ಪಕ್ಷದಿಂದ ಆಯ್ಕೆಯಾಗಿದ್ದ ಮೂವರೂ ಉಳಿದುಕೊಂಡರು. ಮರುದಿನ ಬೆಳಿಗ್ಗೆ ಏಳೂಕಾಲಕ್ಕೆ ಚರ್ಚಿನ ಅಂಗಳಕ್ಕೆ ಕಾರು ತಿರುಗಿಸಿದೆ. ಕನ್ನಡಕವನ್ನು ಹಣೆಗೇರಿಸಿಕೊಂಡು, ಚೀಟಿಯ ಕೆಳತುದಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಅವರು ಫೋಟೋ ತೆಗೆಯುತ್ತಿದ್ದರು.