ಹಾರುವ ಹಕ್ಕಿ, ಓಡಿಬರುವ ಬೌಲರ್: ಫೋಕಸ್ ಹಿಡಿಯುವ ಕ್ರಮ

ವೇಗವಾಗಿ ಚಲಿಸುವ ವಸ್ತುವಿನ ಚಿತ್ರ ಮಸುಕಾದಾಗ, ಬಹುಪಾಲು ಸಲ ಫೋಕಸ್ ಷಟರ್ ಒತ್ತುವುದಕ್ಕೆ ಒಂದೆರಡು ಸೆಕೆಂಡು ಮೊದಲೇ ಕೈತಪ್ಪಿರುತ್ತದೆ. ಆದ್ದರಿಂದ ಕಲಿಯಬೇಕಾದದ್ದು ಆ ಮುಂಚಿನ ಸಿದ್ಧತೆಯನ್ನು. ಮುಂಬಯಿ ಕಡೆಯ ಮಾಟುಂಗಾ, ಡೊಂಬಿವಲಿಗಳ ಕನ್ನಡಿಗ ಗೆಳೆಯರು ಹೊಸ ಕ್ಯಾಮೆರಾ ಕೊಂಡು ಸಲಹೆ ಕೇಳಿದರೆ, ಚಳಿಗಾಲದ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಹೊರಡುವ ಮೋಟಾರು ದೋಣಿ (ಲಾಂಚ್) ಹತ್ತಿರಿ ಎನ್ನುತ್ತೇನೆ. ಗಲ್ ಹಕ್ಕಿಗಳು ಲಾಂಚಿನ ಬೆನ್ನುಹತ್ತಿ ಬರುತ್ತವೆ. ಬಂದರು ನಗರದ ಪೂರ್ವಕ್ಕಿರುವುದರಿಂದ, ಹಿಂಬದಿಯಲ್ಲಿ ದಡದತ್ತ ಮುಖಮಾಡಿ ನಿಂತರೆ ಎಳೆಬಿಸಿಲು ನಿಮ್ಮ ಬೆನ್ನ ಕಡೆಯಿಂದ ಬಂದು ಹಕ್ಕಿಯ ಮೇಲೆ ಬೀಳುತ್ತದೆ. ಆಗ ಕಣ್ಣು, ಕೊಕ್ಕುಗಳ ಅಂಚು ಸ್ಪಷ್ಟವಾಗುತ್ತದೆ. ಫೋಕಸ್ ವ್ಯವಸ್ಥೆ ಹಿಡಿದುಕೊಳ್ಳುವುದೂ ಇಂಥ ಅಂಚುಗಳನ್ನೇ.

ಮೊದಲು ಕ್ಯಾಮೆರಾವನ್ನು ನಿರಂತರ ಫೋಕಸ್‌ಗೆ, ಅಂದರೆ ವಸ್ತು ಚಲಿಸಿದಂತೆ ಫೋಕಸ್ ಬದಲಾಗುತ್ತಲೇ ಇರುವ ವಿಧಾನಕ್ಕೆ, ಹಾಕಬೇಕು. ನಿಕಾನ್ ಮತ್ತು ಸೋನಿಗಳಲ್ಲಿ ಇದನ್ನು ಎಎಫ್-ಸಿ ಎಂದೂ ಕ್ಯಾನನ್‌ನಲ್ಲಿ ಎಐ ಸರ್ವೋ ಅಥವಾ ಸರ್ವೋ ಎಎಫ್ ಎಂದೂ ಕರೆಯುತ್ತಾರೆ. ಷಟರ್ ವೇಗ 1/2000 ಸೆಕೆಂಡಿನ ಆಸುಪಾಸಿನಲ್ಲಿರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋ ಇರಲಿ. ಬೆಳಕು ಸಾಕಷ್ಟಿದ್ದರೆ ಲೆನ್ಸಿನ ತೆರವು ಎಫ್/5.6ಕ್ಕಿಂತ ಕಿರಿದಾದ ಎಫ್/8 ಇರುವುದು ನನಗೆ ಮೆಚ್ಚು, ಏಕೆಂದರೆ ಹತ್ತಿರ ಬಂದ ಹಕ್ಕಿಯ ಕೊಕ್ಕಿನಿಂದ ರೆಕ್ಕೆಯವರೆಗೆ ಫೋಕಸ್‌ನ ಆಳ ಸ್ವಲ್ಪ ಹೆಚ್ಚು ಸಿಗುತ್ತದೆ.

ಫೋಕಸ್ ಮಾಡುವ ಕೆಲಸವನ್ನು ಷಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಎಎಫ್-ಆನ್ ಗುಂಡಿಗೆ ವಹಿಸುವುದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಹೆಬ್ಬೆರಳು ಒತ್ತಿರುವಷ್ಟು ಹೊತ್ತು ಕ್ಯಾಮೆರಾ ವಸ್ತುವನ್ನು ಹಿಂಬಾಲಿಸುತ್ತದೆ, ಎತ್ತಿದೊಡನೆ ಲೆನ್ಸ್ ಇದ್ದಲ್ಲೇ ನಿಲ್ಲುತ್ತದೆ. ಹಕ್ಕಿ ಹಾದುಹೋಗಬಹುದಾದ ದೂರದಲ್ಲಿರುವ ಅಲೆಯೊಂದರ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ, ಲೆನ್ಸ್ ಆ ತುದಿಯಿಂದ ಈ ತುದಿಗೆ ತಡಕಾಡಬೇಕಾಗುವುದಿಲ್ಲ. ಬಳಿಕ ಒಂದೇ ಹಕ್ಕಿಯನ್ನು ಆರಿಸಿಕೊಂಡು, ಅದು ಫ್ರೇಮಿನಲ್ಲಿ ಚಿಕ್ಕದಾಗಿ ಕಾಣುವಾಗಲೇ ಹೆಬ್ಬೆರಳು ಒತ್ತಿ, ಸೊಂಟದಿಂದ ಮೇಲಿನ ಮೈಯನ್ನು ಅದರೊಂದಿಗೆ ತಿರುಗಿಸುತ್ತಾ ಬನ್ನಿ. ಚಿತ್ರ ತೆಗೆದ ಮೇಲೂ ಆ ಚಲನೆಯನ್ನು ತಟ್ಟನೆ ನಿಲ್ಲಿಸಬೇಡಿ. ತೂಗಾಡುವ ಲಾಂಚಿನಲ್ಲಿ ಒಂಟಿ ಫೋಕಸ್ ಬಿಂದುವನ್ನು ಹಕ್ಕಿಯ ಮೇಲೆ ನಿಲ್ಲಿಸುವುದು ಕಷ್ಟ, ಅಲ್ಲಿ ಹಲವು ಬಿಂದುಗಳ ಸಣ್ಣ ಜೋನ್ ವಾಸಿ. ಹಿನ್ನೆಲೆಗೆ ಗೇಟ್‌ವೇ ಬಂದಾಗ ಫೋಕಸ್ ಅದರ ಕಲ್ಲಿಗೆ ಹಾರದಂತೆ, ಮೆನುವಿನಲ್ಲಿ ಟ್ರ್ಯಾಕಿಂಗ್ ಸೂಕ್ಷ್ಮತೆಯನ್ನು ಕಡಿಮೆ ಮಾಡಿ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳ ಕಣ್ಣು ಗುರುತಿಸುವ ಸೌಲಭ್ಯ ಒಂಟಿ ಹಕ್ಕಿಗೆ ಬಹಳ ಉಪಯುಕ್ತ, ಆದರೆ ಹಿಂಡಿನಲ್ಲಿ ಅದು ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು.

ಸಾಗುವ ದಾರಿ ಮೊದಲೇ ಗೊತ್ತಿರುವಲ್ಲಿ ಹಿಂಬಾಲಿಸುವ ಅಗತ್ಯವೇ ಇಲ್ಲ. ಮುಂಬಯಿಯ ಓವಲ್ ಮೈದಾನದಲ್ಲಿ ವೇಗದ ಬೌಲರನನ್ನು ಬದಿಯಿಂದ ಚಿತ್ರಿಸುವಾಗ, ಅವನ ಮುಂಗಾಲು ಬೀಳುವ ಕ್ರೀಸಿನ ಗೆರೆಗೆ ಫೋಕಸ್ ಮಾಡಿ ಹೆಬ್ಬೆರಳನ್ನು ಎತ್ತಿಬಿಡಿ. ಅವನು ಜಿಗಿಯುವಾಗಲೇ ಸರಣಿ ಚಿತ್ರಗಳನ್ನು ಆರಂಭಿಸಿ, ನಿಂತ ಜಾಗದಿಂದ ಮಾತ್ರ ಕದಲಬೇಡಿ.

ಮಸುಕಾದ ಚಿತ್ರಗಳನ್ನು ಅಳಿಸುವ ಮುನ್ನ ಹಿಗ್ಗಿಸಿ ನೋಡಿ. ಹಕ್ಕಿಯ ಹಿಂದಿನ ನೀರು ಸ್ಪಷ್ಟವಾಗಿದ್ದರೆ ಫೋಕಸ್ ಹಿನ್ನೆಲೆಗೆ ಜಾರಿದೆ ಎಂದರ್ಥ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಮೈ ಸ್ಪಷ್ಟವಾಗಿದ್ದು ರೆಕ್ಕೆಯ ತುದಿ ಮಾತ್ರ ಮಸುಕಾಗಿದ್ದರೆ ಫೋಕಸ್ ಸರಿಯಿದೆ, ಷಟರ್ ವೇಗವನ್ನಷ್ಟೇ ಹೆಚ್ಚಿಸಬೇಕು.