ಐಫೋನ್ ರಿಸ್ಟೋರ್ ಅರ್ಧಕ್ಕೇ ನಿಂತಿತೇ? ಮೊದಲು ಕೇಬಲ್ ಬದಲಿಸಿ

ಫೋನ್ ಆನ್ ಮಾಡಿದರೆ ಆಪಲ್ ಚಿಹ್ನೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದರಾಚೆಗೆ ಏನೂ ಇಲ್ಲ. ನಮ್ಮ ಚಿಕ್ಕಮ್ಮನ ಐಫೋನ್ ಹೀಗಾದಾಗ ಮನೆಯವರು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಗಾಬರಿಯಲ್ಲಿ ‘ರಿಸ್ಟೋರ್’ ಒತ್ತಿಬಿಟ್ಟರು. ಅರ್ಧದಲ್ಲಿ 4013 ಎಂಬ ಎರರ್ ಬಂದು ಕೆಲಸ ನಿಂತಿತು. ಮರುದಿನ ನಾನು ಹೋಗಿ ಬೇರೆ ಕೇಬಲ್ ಹಾಕಿದೆ, ಫೋನ್ ಎದ್ದಿತು. ಆದರೆ ಚಿಕ್ಕಪ್ಪ ಬದುಕಿದ್ದ ಕೊನೆಯ ವರ್ಷದ ಫೋಟೊಗಳು ಹೋಗಿದ್ದವು. ಬ್ಯಾಕಪ್ ಇರಲಿಲ್ಲ. ಪಕ್ಕದಲ್ಲೇ ಇದ್ದ ‘ಅಪ್‌ಡೇಟ್’ ಒತ್ತಿದ್ದರೆ ಅವು ಉಳಿಯುವ ಸಾಧ್ಯತೆ ಇತ್ತು.

ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಅಪ್‌ಡೇಟ್ ಮೊದಲು, ರಿಸ್ಟೋರ್ ಆಮೇಲೆ

ಮ್ಯಾಕ್‌ನಲ್ಲಿ ಈ ಕೆಲಸ 2019ರ ಕ್ಯಾಟಲಿನಾ ಆವೃತ್ತಿಯಿಂದ ಫೈಂಡರ್‌ನಲ್ಲೇ (ಮ್ಯಾಕ್‌ನಲ್ಲಿ ಫೈಲುಗಳನ್ನು ತೋರಿಸುವ ಕಿಟಕಿ) ನಡೆಯುತ್ತದೆ. ವಿಂಡೋಸ್ ಇದ್ದವರಿಗೆ ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ಆ್ಯಪ್ ಬೇಕು. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ರಿಕವರಿ ಮೋಡ್‌ಗೆ, ಅಂದರೆ ಕಂಪ್ಯೂಟರಿನಿಂದ ದುರಸ್ತಿಗೆ ಕಾಯುವ ಸ್ಥಿತಿಗೆ ತನ್ನಿ. ಐಫೋನ್ 8 ಮತ್ತು ಅದರ ನಂತರದ ಮಾದರಿಗಳಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನ್ ಒಮ್ಮೆ ಒತ್ತಿ ಬಿಡಿ, ತಗ್ಗಿಸುವ ಬಟನ್ ಒಮ್ಮೆ ಒತ್ತಿ ಬಿಡಿ, ಆಮೇಲೆ ಸೈಡ್ ಬಟನ್ ಒತ್ತಿ ಹಿಡಿಯಿರಿ. ಆಪಲ್ ಚಿಹ್ನೆ ಬಂದರೂ ಕೈ ತೆಗೆಯಬೇಡಿ. ಕಂಪ್ಯೂಟರ್ ಮತ್ತು ಕೇಬಲ್‌ನ ಚಿತ್ರ ಕಂಡ ಮೇಲೆಯೇ ಬಿಡಬೇಕು. ಬಹಳಷ್ಟು ಜನ ತಪ್ಪುವುದು ಇಲ್ಲೇ. ಐಫೋನ್ 7ರಲ್ಲಿ ವಾಲ್ಯೂಮ್ ತಗ್ಗಿಸುವ ಬಟನ್ ಮತ್ತು ಸೈಡ್ ಬಟನ್ ಎರಡನ್ನೂ ಒಟ್ಟಿಗೆ, 6ಎಸ್ ಮತ್ತು ಅದಕ್ಕೂ ಹಳೆಯವುಗಳಲ್ಲಿ ಹೋಮ್ ಮತ್ತು ಪವರ್ ಬಟನ್‌ಗಳನ್ನು ಒಟ್ಟಿಗೆ ಹಿಡಿಯಬೇಕು.

ಆಗ ಕಂಪ್ಯೂಟರ್ ಎರಡು ಆಯ್ಕೆ ಕೊಡುತ್ತದೆ. ‘ಅಪ್‌ಡೇಟ್’ ಐಓಎಸ್ ಅನ್ನು (ಐಫೋನ್ ನಡೆಸುವ ಸಾಫ್ಟ್‌ವೇರ್) ಹೊಸದಾಗಿ ಹಾಕುತ್ತದೆ, ನಿಮ್ಮ ಫೋಟೊ, ಮೆಸೇಜುಗಳನ್ನು ಮುಟ್ಟುವುದಿಲ್ಲ. ‘ರಿಸ್ಟೋರ್’ ಎಲ್ಲವನ್ನೂ ಅಳಿಸುತ್ತದೆ. ಐಫೋನ್‌ನಲ್ಲಿರುವುದೆಲ್ಲ ಗೂಢಲಿಪಿಯಲ್ಲಿ ಇರುತ್ತದೆ. ಅಳಿಸುವಾಗ ಅದನ್ನು ಬಿಡಿಸುವ ಕೀಲಿಯನ್ನೇ ನಾಶ ಮಾಡಲಾಗುತ್ತದೆ. ಹಾಗಾಗಿ ‘ಅಳಿಸಿದ್ದನ್ನು ಹಿಂದೆ ತಂದುಕೊಡುತ್ತೇವೆ’ ಎನ್ನುವ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ. ಅಪ್‌ಡೇಟ್ ಒಮ್ಮೆ ಸೋತರೆ ಎರಡನೇ ಸಲ, ಮೂರನೇ ಸಲ ಪ್ರಯತ್ನಿಸಿ. ಅವಸರ ಬೇಡ.

ಹದಿನೈದು ನಿಮಿಷದ ಲೆಕ್ಕ

ಈಗಿನ ಮಾದರಿಗಳ ಐಓಎಸ್ ಫೈಲ್ 7–8 ಜಿಬಿ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಡೌನ್‌ಲೋಡ್ 15 ನಿಮಿಷಕ್ಕಿಂತ ಹೆಚ್ಚು ಎಳೆದರೆ ಫೋನ್ ತಾನಾಗಿಯೇ ರಿಕವರಿ ಮೋಡ್‌ನಿಂದ ಹೊರಗೆ ಬರುತ್ತದೆ. 8 ಜಿಬಿ 15 ನಿಮಿಷದಲ್ಲಿ ಇಳಿಯಬೇಕಾದರೆ ಸೆಕೆಂಡಿಗೆ 70 ಮೆಗಾಬಿಟ್‌ಗೂ ಹೆಚ್ಚಿನ ವೇಗ ಬೇಕು. 40 ಮೆಗಾಬಿಟ್ ಬ್ರಾಡ್‌ಬ್ಯಾಂಡ್ ಇರುವ ಮನೆಯಲ್ಲಿ ಇದು ಆಗದ ಮಾತು. ಫೋನೇ ಕೆಟ್ಟಿದೆ ಎಂದು ಜನ ಕೈಚೆಲ್ಲುತ್ತಾರೆ. ಪರಿಹಾರ ಸುಲಭ: ಡೌನ್‌ಲೋಡ್ ಪೂರ್ತಿ ಮುಗಿಯಲು ಬಿಡಿ, ಆಮೇಲೆ ಫೋನನ್ನು ಮತ್ತೊಮ್ಮೆ ರಿಕವರಿ ಮೋಡ್‌ಗೆ ತನ್ನಿ. ಇಳಿದ ಫೈಲ್ ಕಂಪ್ಯೂಟರ್‌ನಲ್ಲೇ ಇರುತ್ತದೆ.

ದಿನಕ್ಕೆ 2 ಜಿಬಿ ಕೊಡುವ ಪ್ಯಾಕಿನ ಹಾಟ್‌ಸ್ಪಾಟ್ ನಂಬಿ ಕೂರಬೇಡಿ, ಕಾಲು ಭಾಗ ಇಳಿಯುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ, ಫೈಲ್ ಬಿಚ್ಚಿಕೊಳ್ಳಲೂ ಜಾಗ ಬೇಕು. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ.

4013, 4014, 4005, 9

ಈ ನಾಲ್ಕು ಸಂಖ್ಯೆಗಳ ಅರ್ಥ ಹೆಚ್ಚುಕಡಿಮೆ ಒಂದೇ: ಕೆಲಸದ ನಡುವೆ ಫೋನ್ ಮತ್ತು ಕಂಪ್ಯೂಟರ್ ನಡುವಿನ ಸಂಪರ್ಕ ಕಡಿದಿದೆ. ರಿಸ್ಟೋರ್ ಆಗುವಾಗ ಫೋನ್ ನಡುವೆ ರೀಸ್ಟಾರ್ಟ್ ಆಗಿ, ಕಂಪ್ಯೂಟರಿಗೆ ಬೇರೆಯದೇ ಸಾಧನವಾಗಿ ಕಾಣಿಸಿಕೊಳ್ಳುತ್ತದೆ. ಚಾರ್ಜ್ ಮಾಡಲು ಸಾಕಾಗುವ ಕೇಬಲ್ ಇಲ್ಲಿ ಸಾಕಾಗದಿರಬಹುದು. ಚಿಕ್ಕಮ್ಮನ ಮನೆಯಲ್ಲಿ ಆದದ್ದೂ ಇದೇ. ಆ ಕೇಬಲ್ ಎರಡು ವರ್ಷದಿಂದ ಮಂಚದ ಪಕ್ಕ ಮಡಚಿ ಮಡಚಿ, ಪಿನ್ನಿನ ಬುಡದಲ್ಲಿ ಸಿಪ್ಪೆ ಬಿಟ್ಟಿತ್ತು. ಚಾರ್ಜ್ ಆಗುತ್ತಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಫೋನ್ ಜೊತೆ ಬಂದ ಕೇಬಲ್ಲೋ, ಡೇಟಾ ಸಾಗಿಸುವುದೆಂದು ಖಾತ್ರಿ ಇರುವ ಬೇರೆ ಕೇಬಲ್ಲೋ ಬಳಸಿ. ಯುಎಸ್‌ಬಿ ಹಬ್, ಕೀಬೋರ್ಡ್ ಮೇಲಿನ ಪೋರ್ಟ್, ಸಿಪಿಯು ಮುಂಭಾಗದ ಪೋರ್ಟ್ ಬೇಡ. ಕಂಪ್ಯೂಟರಿನ ಹಿಂಭಾಗದ ಪೋರ್ಟಿಗೆ ನೇರವಾಗಿ ಸಿಕ್ಕಿಸಿ. ಫೋನಿನ ಚಾರ್ಜಿಂಗ್ ತೂತನ್ನು ಟಾರ್ಚ್ ಹಾಕಿ ನೋಡಿ. ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿದ್ದರೆ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಬೇಡ.

ಎರಡು ಕೇಬಲ್, ಎರಡು ಪೋರ್ಟ್, ಆಮೇಲೆ ಇನ್ನೊಂದು ಕಂಪ್ಯೂಟರ್. ಈ ಕ್ರಮದಲ್ಲಿ ಹೋಗಿ.

ಕಂಪ್ಯೂಟರಿಗೆ ಫೋನೇ ಕಾಣದಿದ್ದರೆ

ಫೋನ್ ಚಾಲೂ ಇದ್ದರೆ ಲಾಕ್ ತೆಗೆದು, ‘ಟ್ರಸ್ಟ್’ ಎಂಬ ಪ್ರಶ್ನೆಗೆ ಒಪ್ಪಿಗೆ ಕೊಡಿ. ರಿಕವರಿ ಮೋಡ್‌ನಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಲ್ಲೂ ಕಾಣದಿದ್ದರೆ ವಿಂಡೋಸ್‌ನಲ್ಲಿ ಡ್ರೈವರ್ (ಕಂಪ್ಯೂಟರಿಗೆ ಫೋನನ್ನು ಗುರುತಿಸಿಕೊಡುವ ತಂತ್ರಾಂಶ) ಮೇಲೆ ಅನುಮಾನ ಪಡಬೇಕು. ಡಿವೈಸ್ ಮ್ಯಾನೇಜರ್ ತೆರೆದು ಆಪಲ್ ಹೆಸರಿನ ಸಾಲಿನಲ್ಲಿ ಹಳದಿ ಗುರುತು ಇದೆಯೇ ನೋಡಿ. ಇದ್ದರೆ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವರ್ ಅಪ್‌ಡೇಟ್ ಮಾಡಿ, ವಿಂಡೋಸ್ ಅಪ್‌ಡೇಟ್ ಕೂಡ ಓಡಿಸಿ. ಆಗದಿದ್ದರೆ ಐಟ್ಯೂನ್ಸ್ ತೆಗೆದು ಹೊಸದಾಗಿ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

3194 ಬಂದರೆ

ಇದು ಕೇಬಲ್ ತೊಂದರೆಯಲ್ಲ. ಐಓಎಸ್ ಹಾಕುವ ಮೊದಲು ಕಂಪ್ಯೂಟರ್ ಆಪಲ್ ಸರ್ವರ್‌ನಿಂದ ಅನುಮತಿ ಪಡೆಯಬೇಕು, ಆ ದಾರಿ ಮುಚ್ಚಿದೆ ಎಂದರ್ಥ. ಕಂಪ್ಯೂಟರಿನ ದಿನಾಂಕ, ಸಮಯ ಸರಿಯಿದೆಯೇ ನೋಡಿ. ಕಚೇರಿಯ ನೆಟ್‌ವರ್ಕ್ ಬಿಟ್ಟು ಮನೆಯ ನೆಟ್‌ವರ್ಕ್ ಬಳಸಿ, ವಿಪಿಎನ್ ಆಫ್ ಮಾಡಿ. ಹಿಂದೆ ಯಾರೋ ಜೈಲ್‌ಬ್ರೇಕ್‌ಗೆಂದು (ಆಪಲ್ ಹಾಕಿದ ಕಟ್ಟುಪಾಡು ಮುರಿಯಲು) ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ, ಅಂದರೆ ಸರ್ವರ್ ಹೆಸರು–ವಿಳಾಸಗಳ ಪಟ್ಟಿಯಲ್ಲಿ, ಆಪಲ್ ಸರ್ವರ್ ವಿಳಾಸ ತಿದ್ದಿದ್ದರೆ ಆ ಸಾಲು ಅಳಿಸಿ. ಹಳೆಯ ಐಓಎಸ್ ಫೈಲನ್ನು ಎಲ್ಲಿಂದಲೋ ತಂದು ಹಾಕಲು ಹೋದರೂ ಇದೇ ಎರರ್ ಬರಬಹುದು. ಹಳೆಯ ಆವೃತ್ತಿಗಳಿಗೆ ಆಪಲ್ ಅನುಮತಿ ಕೊಡುವುದನ್ನು ನಿಲ್ಲಿಸಿರುತ್ತದೆ.

ಫೋನ್ ಎದ್ದ ಮೇಲೆ

ರಿಸ್ಟೋರ್ ಆದ ಫೋನ್ ಹಳೆಯ ಆಪಲ್ ಐಡಿ (ಈಗಿನ ಹೆಸರು ಆಪಲ್ ಅಕೌಂಟ್) ಮತ್ತು ಪಾಸ್‌ವರ್ಡ್ ಕೇಳಬಹುದು. ಇದು 2013ರಲ್ಲಿ ಐಓಎಸ್ 7ರ ಜೊತೆ ಬಂದ ಆಕ್ಟಿವೇಶನ್ ಲಾಕ್. ಕಳ್ಳತನ ತಡೆಯಲು ಇರುವ ಬೀಗ ಇದು, ರಿಸ್ಟೋರ್ ಮಾಡಿದರೂ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್ ಆದರೆ ಮಾರಿದವರನ್ನೇ ಹಿಡಿಯಬೇಕು.

ಬ್ಯಾಕಪ್ ಇದ್ದೂ ಅದು ಹೊಂದುತ್ತಿಲ್ಲ ಎಂದು ಬಂದರೆ, ಬ್ಯಾಕಪ್ ತೆಗೆದಾಗಿನ ಐಓಎಸ್ ಈಗ ಫೋನಿನಲ್ಲಿರುವುದಕ್ಕಿಂತ ಹೊಸದಾಗಿರಬಹುದು. ಮೊದಲು ಹೊಸ ಫೋನಿನಂತೆ ಸೆಟಪ್ ಮಾಡಿ, ಐಓಎಸ್ ಅಪ್‌ಡೇಟ್ ಮಾಡಿ, ಆಮೇಲೆ ಬ್ಯಾಕಪ್ ಹಾಕಿ. ಗೂಢಲಿಪಿಯ ಬ್ಯಾಕಪ್‌ಗೆ ಇಟ್ಟ ಪಾಸ್‌ವರ್ಡ್ ಮರೆತರೆ ಮಾತ್ರ ಅದನ್ನು ತೆರೆಯುವ ದಾರಿಯಿಲ್ಲ. ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೇಬಲ್, ಪೋರ್ಟ್, ಕಂಪ್ಯೂಟರ್ ಎಲ್ಲ ಬದಲಿಸಿದ ಮೇಲೂ ಅದೇ ಜಾಗದಲ್ಲಿ 4013 ಅಥವಾ 9 ಬರುತ್ತಿದ್ದರೆ ತೊಂದರೆ ಫೋನಿನ ಒಳಗಿರಬಹುದು. ನೀರಿಗೆ ಬಿದ್ದ, ಕೆಳಗೆ ಬಿದ್ದ ಫೋನುಗಳಲ್ಲಿ ಹೀಗಾಗುವುದುಂಟು. ಅಲ್ಲಿಗೆ ನಿಲ್ಲಿಸಿ, ಎರರ್ ಸಂಖ್ಯೆಯನ್ನು ಬರೆದುಕೊಂಡು, ಕೊಂಡಾಗಿನ ಬಿಲ್ ಹುಡುಕಿಕೊಂಡು ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ಒಳಗಿನ ಫೋಟೊಗಳು ಬೇಕೇಬೇಕು ಎಂದಿದ್ದರೆ ಫೋನ್ ಕೊಡುವ ಮೊದಲೇ ಅದನ್ನು ಹೇಳಿ.