ಕೆರೆ ಅಂಚಿಗೆ ಬಜೆ ನೆಡುವುದು ಹೇಗೆ

ತೋಟದ ಕೆಳಗೆ ಸಣ್ಣ ಕೆರೆಯೋ, ಬಸಿಗಾಲುವೆಯೋ, ವರ್ಷವಿಡೀ ಜವುಳಾಗಿರುವ ಮೂಲೆಯೋ ಇದ್ದರೆ ಅಲ್ಲಿ ಬಜೆ ನೆಡಿ. ನಮ್ಮ ಮಲೆನಾಡಿನ ಹವೆಗೆ ಹೇಳಿ ಮಾಡಿಸಿದ ಗಿಡ. ಗಡ್ಡೆ ಕೆಸರಿನಲ್ಲಿ ಅಡ್ಡಡ್ಡ ಹರಿದು ಬೇರಿನ ಜಾಲ ಹೆಣೆಯುವುದರಿಂದ ದಂಡೆಯ ಮಣ್ಣನ್ನೂ ಹಿಡಿದಿಡುತ್ತದೆ. ಕೆರೆ ಸುತ್ತ ಸಿಮೆಂಟ್ ಕಟ್ಟೆ ಎಬ್ಬಿಸುವ ಮುಂಚೆ ಇದನ್ನೊಮ್ಮೆ ನೆಟ್ಟು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಗಿಡ ಗುರುತಿಸಿ. ಎಲೆ ಕತ್ತಿಯ ಹಾಗೆ ಉದ್ದ, ಹೆಚ್ಚಾಗಿ ಅದರ ಒಂದು ಅಂಚು ಸ್ವಲ್ಪ ನಿರಿಗೆಯಾಗಿರುತ್ತದೆ, ಹಿಚುಕಿದರೆ ಘಮ್ಮೆನ್ನುತ್ತದೆ. ಪರಿಮಳ ಬರಲಿಲ್ಲ ಅಂದರೆ ಅದು ಬಜೆಯಲ್ಲ. ಬೀಜಕ್ಕೆ ಕಾಯುವ ಕೆಲಸ ಬೇಡ, ಗಡ್ಡೆ ತುಂಡಿನಿಂದಲೇ ಬೆಳೆಸುವುದು. ಹೊಳೆದಂಡೆಯಲ್ಲಿ ತಾನಾಗಿ ಬೆಳೆದದ್ದನ್ನು ದಯವಿಟ್ಟು ಕೀಳಬೇಡಿ. ಬೆಳೆಸಿಕೊಂಡವರ ಹತ್ತಿರ ಕೇಳಿ, ಒಂದು ಹಿಡಿ ಗಡ್ಡೆ ಕೊಡಲು ಯಾರೂ ಬೇಡ ಅನ್ನುವುದಿಲ್ಲ.

ನೆಡುವುದಕ್ಕೆ ರೋಹಿಣಿ ಮಳೆ, ಅಂದರೆ ಮೇ ಕೊನೆ, ಜೂನ್ ಮೊದಲ ವಾರ, ಒಳ್ಳೆಯ ಹೊತ್ತು. ಆಗ ನೆಟ್ಟರೆ ಪುನರ್ವಸು, ಪುಷ್ಯ ಮಳೆ ಜಡಿಯುವ ಹೊತ್ತಿಗೆ ಬೇರು ಕಚ್ಚಿರುತ್ತದೆ. ತಡ ಮಾಡಿ ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯಲ್ಲಿ ನೆಟ್ಟರೆ ನೀರು ಗಡ್ಡೆಯನ್ನೇ ಎತ್ತಿಕೊಂಡು ಹೋಗುತ್ತದೆ. ಮೊಳಕೆ ಇರುವ ತುಂಡನ್ನೇ ಆರಿಸಿ, ಅಡ್ಡ ಮಲಗಿಸಿ, ಮೇಲೆ ಎರಡು ಇಂಚು ಮಣ್ಣು ಬರುವಷ್ಟು ಒತ್ತಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಸಾಕು. ಮಣ್ಣು ಜಿಗುಟಾಗಿದ್ದಷ್ಟೂ ಒಳ್ಳೆಯದು. ಬರೀ ಮರಳಾದರೆ ಕೊಟ್ಟಿಗೆ ಗೊಬ್ಬರ ಮತ್ತು ಕೆರೆ ಹೂಳು ಸೇರಿಸಿ.

ನೀರಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಗಿಡ ಸಾಯುವುದು ಜಾಸ್ತಿ ಇಲ್ಲೇ. ನೀರಿನ ಗಿಡ ಅಲ್ವಾ ಅಂತ ಸುಮ್ನೆ ಆಳಕ್ಕೆ ಇಳಿಸಿದರೆ ಎಳೆ ಮೊಳಕೆ ಕೊಳೆಯುತ್ತದೆ. ಶುರುವಿನಲ್ಲಿ ಬರೀ ಕೆಸರು, ಎಲೆ ಮೊಳದುದ್ದ ಬಂದ ಮೇಲೆ ಎರಡು ಇಂಚು ನೀರು ನಿಂತರೂ ಚಿಂತೆಯಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕೆರೆ ನೀರು ಹಿಂದೆ ಸರಿದಾಗ ಎಲೆ ತುದಿ ಒಣಗತೊಡಗುತ್ತದೆ, ಆಗ ಅಡಿಕೆ ಸೋಗೆ ಹೊದಿಸಿ ವಾರಕ್ಕೆರಡು ಸಲ ಚೆನ್ನಾಗಿ ನೀರು ಹಾಯಿಸಿ, ಮಣ್ಣು ಬಿರುಕು ಬಿಡದಿದ್ದರೆ ಗಡ್ಡೆ ಜೀವ ಹಿಡಿದುಕೊಂಡಿರುತ್ತದೆ. ಬಿಸಿಲು ಅರ್ಧ ದಿನವಾದರೂ ಬೇಕು. ದಟ್ಟ ನೆರಳಲ್ಲಿ ಎಲೆ ಸಣಕಲಾಗುತ್ತದೆ.

ಶಿವಮೊಗ್ಗ ಪೇಟೆಯ ಮನೆಯವರು ತೂತಿಲ್ಲದ ಅಗಲ ಟಬ್ಬಿನಲ್ಲಿ ಬೆಳೆಸಬಹುದು. ಮೇಲೆ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಹೊಸದು ಹಾಕಿ, ಇಲ್ಲದಿದ್ದರೆ ಸೊಳ್ಳೆ. ಜೊತೆಗೆ ಚೆಂದಕ್ಕೆಂದು ಅಂತರಗಂಗೆ ತಂದು ಬಿಡಬೇಡಿ. ಅದು ಒಮ್ಮೆ ಕೆರೆ ಸೇರಿದರೆ ನೀರೇ ಕಾಣುವುದಿಲ್ಲ.

ಎಂಟು ತಿಂಗಳಿಂದ ವರ್ಷದೊಳಗೆ ಎಲೆ ಹಳದಿಯಾಗುತ್ತದೆ. ಆಗ ಕಿತ್ತು, ತೊಳೆದು, ಬೆರಳುದ್ದ ಕತ್ತರಿಸಿ ಒಣಗಿಸಿ. ಎಳೆ ತುದಿಗಳನ್ನು ಅಲ್ಲೇ ಮತ್ತೆ ನೆಟ್ಟುಬಿಡಿ. ಒಣಗಿದ ಗಡ್ಡೆಯ ಪುಡಿಯನ್ನು ಬಿತ್ತನೆ ಬೀಜಕ್ಕೆ ಬೆರೆಸಿಟ್ಟರೆ ಹುಳ ಹತ್ತಿರ ಸುಳಿಯುವುದು ಕಡಿಮೆ.

ಇನ್ನು ಮಕ್ಕಳಿಗೆ ಬಜೆ ತೇದು ನೆಕ್ಕಿಸುವ ರೂಢಿ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಆದರೆ ಇದರ ಎಣ್ಣೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶವಿದೆ, ಇಲಿಗಳ ಮೇಲಿನ ಪ್ರಯೋಗದಲ್ಲಿ ಅದರಿಂದ ಕ್ಯಾನ್ಸರ್ ಗಡ್ಡೆ ಬಂದದ್ದು ಕಂಡು ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿದರು. ನಮ್ಮ ದೇಶದ ಬಜೆಯಲ್ಲಿ ಆ ಅಂಶ ಜಾಸ್ತಿಯೇ ಇರುತ್ತದೆ. ಹಾಗಾಗಿ ಡಾಕ್ಟರನ್ನು ಕೇಳದೆ ಕೂಸಿನ ಬಾಯಿಗೆ ಹಾಕಬೇಡಿ, ಬಸುರಿಯರಿಗಂತೂ ಬೇಡವೇ ಬೇಡ.